ಗುಳಿ ಬೀಳಿಸುವ ಲೂಪಸ್

ತೋಳಿನ ಮೇಲ್ಭಾಗದಲ್ಲೋ ಕೆನ್ನೆಯಲ್ಲೋ ಗಟ್ಟಿಯಾದ ಗಂಟೊಂದು ಕೈಗೆ ತಗಲುತ್ತದೆ. ಒತ್ತಿದರೆ ನೋಯಬಹುದು. ಮೇಲಿನ ಚರ್ಮ ತುಸು ಕೆಂಪಾಗಿರಬಹುದು, ಏನೂ ಆಗಿಲ್ಲವೆಂಬಂತೆಯೂ ಇರಬಹುದು. ಕೊಬ್ಬಿನ ಗಡ್ಡೆ ಇದ್ದೀತೆಂದು ಸುಮ್ಮನಿದ್ದರೆ ಗಂಟು ತಾನಾಗಿ ಕರಗುವುದೂ ಉಂಟು. ಆದರೆ ಅಲ್ಲಿನ ಕೊಬ್ಬೂ ನಾಶವಾಗಿ ಚರ್ಮ ಒಳಕ್ಕೆ ಕುಸಿದಿರುತ್ತದೆ. ಆ ಗುಳಿ ಸಾಮಾನ್ಯವಾಗಿ ಮತ್ತೆ ತುಂಬುವುದಿಲ್ಲ.

ಇದು ಲೂಪಸ್ ಪ್ಯಾನಿಕ್ಯುಲೈಟಿಸ್. ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯ ಅಪರೂಪದ ರೂಪ. ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ 1883ರಲ್ಲೇ ಇದನ್ನು ವರ್ಣಿಸಿದ್ದರು. ಇದಕ್ಕೆ ಲೂಪಸ್ ಪ್ರೊಫಂಡಸ್ ಎಂಬ ಇನ್ನೊಂದು ಹೆಸರು ಬಂದದ್ದು 1940ರಲ್ಲಿ. ಕಾಡುವುದು ಹೆಚ್ಚಾಗಿ ಹೆಂಗಸರನ್ನು. ತೋಳು, ಭುಜ, ಮುಖ, ಸ್ತನ, ಪೃಷ್ಠ, ತೊಡೆ ಇದರ ಜಾಗಗಳು. ಮೊಣಕಾಲಿನ ಕೆಳಗೆ ಬರುವುದು ಕಡಿಮೆ. ಮೀನಖಂಡದಲ್ಲಿ ಗಂಟುಗಳೆದ್ದರೆ ನಮ್ಮ ವೈದ್ಯರು ಕ್ಷಯದ ಸಾಧ್ಯತೆಯನ್ನೂ ಯೋಚಿಸುತ್ತಾರೆ, ಸರಿಯಾಗಿಯೇ.

ಖಚಿತವಾಗುವುದು ಬಯಾಪ್ಸಿಯಲ್ಲಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸಿದಾಗ. ಕೊಬ್ಬಿನ ಕಿರುಹಾಲೆಗಳೊಳಗೆ ರಕ್ಷಣಾ ವ್ಯವಸ್ಥೆಯ ಲಿಂಫೋಸೈಟ್‌ಗಳು, ಪ್ಲಾಸ್ಮಾ ಕೋಶಗಳು ನುಗ್ಗಿರುತ್ತವೆ. ಸತ್ತ ಕೊಬ್ಬು ಸೂಕ್ಷ್ಮದರ್ಶಕದಡಿ ಗುಲಾಬಿ ಬಣ್ಣದ ಗಾಜಿನ ಹಾಗೆ ಕಾಣುತ್ತದೆ. ಇದಕ್ಕೆ ಹಯಲಿನ್ ನೆಕ್ರೋಸಿಸ್ ಎನ್ನುತ್ತಾರೆ. ಹಲವು ಮಾದರಿಗಳಲ್ಲಿ ಲಿಂಫೋಸೈಟ್‌ಗಳು ದುಂಡನೆ ಗುಂಪುಗಟ್ಟಿರುತ್ತವೆ. ನಡುವೆ ಲೋಳೆಯಂಥ ಮ್ಯೂಸಿನ್, ಹಳೆಯ ಗಂಟಾದರೆ ಕ್ಯಾಲ್ಸಿಯಂ. ಇಷ್ಟೂ ನಡೆಯುವುದು ಚರ್ಮದ ತಳದಲ್ಲಿ. ಮೇಲುಮೇಲಿನ ಚೂರೊಂದನ್ನು ತೆಗೆದು ಕಳಿಸಿದರೆ ಪೆಥಾಲಜಿಸ್ಟ್ ಎಷ್ಟೇ ಜಾಣರಿದ್ದರೂ ಉತ್ತರ ಸಿಗದು. ಎಡವಟ್ಟಾಗುವುದು ಇಲ್ಲಿಯೇ. ಕೊಬ್ಬಿನಲ್ಲೇ ಬೆಳೆಯುವ ಒಂದು ಬಗೆಯ ಟಿ-ಕೋಶ ಲಿಂಫೋಮಾ, ಅಂದರೆ ಕ್ಯಾನ್ಸರ್, ಇದನ್ನು ಎಷ್ಟು ಹೋಲುತ್ತದೆಂದರೆ ಆಳದ ಮಾದರಿಯಲ್ಲೂ ಬೇರ್ಪಡಿಸುವುದು ಸುಲಭವಲ್ಲ. ಕೆಲವೊಮ್ಮೆ ಮತ್ತೆ ಬಯಾಪ್ಸಿ ಮಾಡಬೇಕಾಗುತ್ತದೆ. ಅತ್ತ, ಪೆಟ್ಟು ಬಿದ್ದ ಜಾಗದಲ್ಲೇ ಹೊಸ ಗಂಟು ಏಳುವ ಸ್ವಭಾವವೂ ಇದಕ್ಕಿದೆ. ಹಾಗಾಗಿ ಮುಖದ ಮೇಲೆ ಕತ್ತರಿಯಾಡಿಸಲು ವೈದ್ಯರು ಹಿಂದೇಟು ಹಾಕಿದರೆ ತಪ್ಪೆನ್ನಲಾಗದು.

ಕೆಲವರಲ್ಲಿ ಕಾಯಿಲೆ ಚರ್ಮದಡಿಯಲ್ಲೇ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಕೀಲು, ಮೂತ್ರಪಿಂಡಗಳಿಗೂ ತಟ್ಟಬಹುದು; ಅದಕ್ಕೇ ರಕ್ತ, ಮೂತ್ರ ಪರೀಕ್ಷೆ ಬೇಕು. ಔಷಧಗಳಲ್ಲಿ ಮೊದಲ ಸಾಲಿನದು ಹೈಡ್ರಾಕ್ಸಿಕ್ಲೋರೋಕ್ವಿನ್. ವರ್ಷಗಟ್ಟಲೆ ನುಂಗುವವರು ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಜೊತೆಗೆ ಬಿಸಿಲಿನಿಂದ ರಕ್ಷಣೆ, ಸಿಗರೇಟಿಗೆ ವಿದಾಯ. ಬೇಗ ಶುರುವಾದ ಚಿಕಿತ್ಸೆ ಹೊಸ ಗುಳಿಗಳನ್ನು ತಡೆಯಬಲ್ಲದು, ಬಿದ್ದದ್ದನ್ನು ತುಂಬಲಾರದು.

ಇಂಥ ಗಂಟಿನ ಬಯಾಪ್ಸಿ ವರದಿ ಕೈಗೆ ಬಂದಾಗ ವೈದ್ಯರನ್ನು ಒಂದು ಮಾತು ಕೇಳಿ: ಮಾದರಿಯಲ್ಲಿ ಕೊಬ್ಬಿನ ಪದರ ಬಂದಿತ್ತೇ?