ತರಗತಿಯ ದಿನಚರಿ

ಪ್ರಾಥಮಿಕ ಶಾಲೆಯ ಗೋಡೆಗೆ ವೇಳಾಪಟ್ಟಿಯನ್ನು ಅಂಟಿಸುವುದು ಸುಲಭ. ದಿನವೂ ಅದರಂತೆ ನಡೆಯುವುದು ಕಠಿಣ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳನ್ನೂ 800 ಬೋಧನಾ ಗಂಟೆಗಳನ್ನೂ ವಿಧಿಸಿದೆ. ಎಂದರೆ ದಿನಕ್ಕೆ 4 ಗಂಟೆ. ಹಾಜರಿ ಕರೆಯುವುದರಲ್ಲಿ, ಪುಸ್ತಕ ಹುಡುಕುವುದರಲ್ಲಿ, ಗದ್ದಲ ಅಡಗಿಸುವುದರಲ್ಲಿ ನಿತ್ಯ ಅರ್ಧ ಗಂಟೆ ಸೋರಿಹೋದರೆ ವರ್ಷಾಂತ್ಯಕ್ಕೆ 100 ಗಂಟೆ, ಅರ್ಥಾತ್ 25 ದಿನಗಳ ಪಾಠ, ನಷ್ಟವಾಗುತ್ತದೆ. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಈ ನಷ್ಟವನ್ನು ತುಂಬಿಕೊಡುವವರು ಯಾರು?

ಆದುದರಿಂದ ದಿನಚರಿಯು ಮಗುವಿನ ಮನೋಧರ್ಮವನ್ನು ಅನುಸರಿಸಬೇಕು. ಬೆಳಗಿನ ಲವಲವಿಕೆಯಲ್ಲಿ ಓದು, ಬರಹ, ಲೆಕ್ಕ. ಬಿಸಿಯೂಟದ ತರುವಾಯ ಕಥೆ, ಹಾಡು, ಚಿತ್ರ ಇರಲಿ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನಡೆಸುವೆಡೆ, ಒಂದು ಗುಂಪಿಗೆ ಪಾಠ ನಡೆಯುವಾಗ ಉಳಿದವರ ಅಭ್ಯಾಸವೇನೆಂಬುದು ಮೊದಲೇ ನಿಗದಿಯಾಗಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಮಕ್ಕಳನ್ನು ಕಲಿಕೆಯ ಹಂತಕ್ಕನುಗುಣವಾಗಿ ಗುಂಪುಗೂಡಿಸಿ ಈ ದಾರಿಯನ್ನು ತೋರಿದೆ.

ಮುಂದೇನೆಂಬುದನ್ನು ಬಲ್ಲ ಮಗು ಅಂಜದೆ ಕಲಿಯುತ್ತದೆ. ಗುರುವು ಹಿಂದಿನ ಸಂಜೆಯೇ ಮರುದಿನದ ಪಾಠಕ್ಕೆ ಸಿದ್ಧನಾಗಲಿ. ತಾಯಿತಂದೆಯರು ಮಗುವನ್ನು ಮೊದಲ ಗಂಟೆ ಬಾರಿಸುವ ಮುನ್ನವೇ ಶಾಲೆಗೆ ತಲುಪಿಸಲಿ. ವೇಳಾಪಟ್ಟಿಗೆ ಜೀವ ಬರುವುದು ಈ ಇಬ್ಬರ ಶ್ರದ್ಧೆಯಿಂದ.