ಮೆತ್ತನೆಯ ಕಲ್ಲು, ಹಟಮಾರಿ ಮಣ್ಣು

ಹತ್ತು ವರ್ಷದಲ್ಲಿ ಮಣ್ಣು, ಮರ, ಬಳಪದ ಕಲ್ಲು, ಗ್ರಾನೈಟ್, ಕಂಚು, ಸಿಮೆಂಟು ಎಲ್ಲಕ್ಕೂ ಕೈ ಹಾಕಿದ್ದೇನೆ. ಶೆಡ್ಡಿಗೆ ಬಂದವರು ಮೊದಲು ಕೇಳುವುದು ಒಂದೇ: ಇವುಗಳಲ್ಲಿ ಯಾವುದು ಗಟ್ಟಿ? ನಾನು ಈಗೀಗ ಹಾಕುವ ಲೆಕ್ಕವೇ ಬೇರೆ. ಯಾವುದು ನನಗೆ ಎಷ್ಟು ಹೊತ್ತು ಕೊಡುತ್ತದೆ? ಹೀಗೆ ನೋಡಲು ಶುರು ಮಾಡಿದ ಮೇಲೆ ಬಂದವರ ನಂಬಿಕೆಗಳಷ್ಟೇ ಅಲ್ಲ, ನಾನೇ ನೆಚ್ಚಿಕೊಂಡಿದ್ದ ಕೆಲವು ಮಾತುಗಳೂ ಬಿದ್ದುಹೋದವು.

ಕಲ್ಪನೆ: ಕಲ್ಲಿನ ಕೆಲಸ ಕಷ್ಟ, ಮಣ್ಣಿನದು ಮಕ್ಕಳಾಟ.

ಕಲ್ಲು ಕಾಯುತ್ತದೆ. ಅರ್ಧ ಕೆತ್ತಿದ ನಂದಿಯೊಂದನ್ನು ಮಳೆಗಾಲ ಪೂರ್ತಿ ಬೇವಿನ ಮರದ ಕೆಳಗೆ ಬಿಟ್ಟಿದ್ದೆ. ತಿರುಗಿ ಬಂದಾಗ ನನ್ನ ಕೊನೆಯ ಉಳಿ ಏಟು ಇದ್ದಲ್ಲೇ ಇತ್ತು. ಮಣ್ಣಿಗೆ ಈ ತಾಳ್ಮೆ ಇಲ್ಲ. ರಾತ್ರಿ ಒದ್ದೆ ಗೋಣಿ ಹೊದಿಸುವುದನ್ನು ಮರೆತರೆ ಬೆಳಿಗ್ಗೆ ಕಿವಿ ಒಣಗಿರುತ್ತದೆ, ಕುತ್ತಿಗೆ ಇನ್ನೂ ಹಸಿ, ನಡುವೆ ಬಿರುಕು. ಸಾಲದ್ದಕ್ಕೆ ಒಣಗಿ ಬೆಂದು ಬರುವಷ್ಟರಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಕುಗ್ಗಿಬಿಡುತ್ತದೆ. ಅಳತೆ ಹಿಡಿದು ಮಾಡಿದ ಯಜಮಾನರ ಮುಖ ಆವಿಗೆಯಿಂದ ಅವರ ಮಗನ ಮುಖದಷ್ಟಾಗಿ ಹೊರಬಂದದ್ದೂ ಉಂಟು.

ಕಲ್ಪನೆ: ಒಳಗೆ ಗಾಳಿ ಉಳಿದರೆ ಮಣ್ಣಿನ ಮೂರ್ತಿ ಸಿಡಿಯುತ್ತದೆ.

ಇದನ್ನು ನಾನೂ ವರ್ಷಗಟ್ಟಲೆ ನಂಬಿದ್ದೆ. ಸಿಡಿಸುವುದು ಗಾಳಿಯಲ್ಲ, ನೀರು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ; ದಪ್ಪ ಗೋಡೆಯೊಳಗೆ ಸಿಕ್ಕಿಕೊಂಡರೆ ಒಡೆದುಕೊಂಡೇ ಹೊರಬರಬೇಕು. ಪ್ರದರ್ಶನದ ದಿನ ಹತ್ತಿರವಾಯಿತೆಂದು ಅರೆಒಣಗಿದ ಕುದುರೆಯನ್ನು ಬೆಂಕಿಗೆ ಹಾಕಿದೆ. ಬಾಲ ಮಾತ್ರ ಇಡಿಯಾಗಿ ಸಿಕ್ಕಿತು. ಹೊಟ್ಟೆಯ ತುಂಬ ಗಾಳಿಯೇ ಇದ್ದ ಇನ್ನೊಂದು ಕುದುರೆ, ಚೆನ್ನಾಗಿ ಒಣಗಿದ್ದಕ್ಕೆ, ಅದೇ ಆವಿಗೆಯಿಂದ ಕೂದಲೂ ಕೊಂಕದೆ ಬಂತು.

ಕಲ್ಪನೆ: ಬಳಪದ ಕಲ್ಲು ಬೆಣ್ಣೆಯಂಥದ್ದು, ಅದಕ್ಕೇ ಹೊಯ್ಸಳರಿಗೆ ಆ ಕುಸುರಿ ಸಾಧ್ಯವಾಯಿತು.

ಅರ್ಧ ನಿಜ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಕಲ್ಲು ಗ್ರಾನೈಟಿಗಿಂತ ಬಹಳ ಮೆದು, ಸಂಶಯವಿಲ್ಲ. ಮದನಿಕೆಯ ಬಳೆಯ ಹಿಂದೆ ಬೆಳಕು ಹಾಯುವಷ್ಟು ಕೊರೆಯುವುದಕ್ಕೆ ಆ ಮೆದುವು ಬೇಕೇಬೇಕು. ಆದರೆ ಮೆದು ಕಲ್ಲು ಉಳಿ ಹೇಳಿದ್ದನ್ನೆಲ್ಲ ಕೇಳುತ್ತದೆ, ಉಳಿಯ ತಪ್ಪನ್ನೂ ಸೇರಿಸಿ. ಗ್ರಾನೈಟಿನಲ್ಲಿ ಒಂದು ಏಟು ತಪ್ಪಿದರೆ ನಾಲ್ಕು ಕಾಳು ಉದುರುತ್ತವೆ. ಇಲ್ಲಿ ಬೆರಳೇ ಹೋಗುತ್ತದೆ.

ಗ್ರಾನೈಟನ್ನು ಕತ್ತರಿಸಲು ಬರುವುದಿಲ್ಲ, ಜಜ್ಜಿ ಜಜ್ಜಿ ಇಳಿಸಬೇಕು. ಶ್ರವಣಬೆಳಗೊಳದ 58 ಅಡಿಯಷ್ಟು ಎತ್ತರದ ಗೊಮ್ಮಟನ ಮುಂದೆ ನಿಂತಾಗ ಇದು ನೆನಪಾಗುತ್ತದೆ. ದಿಗಂಬರ ಮೂರ್ತಿಗೆ ಆಭರಣ ಬೇಡ, ನಿಜವೇ. ಆದರೂ ಆ ತುಂಬು ಭುಜ, ತಡೆಯಿಲ್ಲದೆ ಇಳಿಯುವ ಎದೆ, ಇವು ಗ್ರಾನೈಟಿಗೆ ಒಲಿದು ಬರುವ ರೂಪಗಳೆಂದೇ ನನಗನ್ನಿಸುತ್ತದೆ. ಬಳ್ಳಿ ಕೆತ್ತಲು ಹೊರಟರೆ ಅದು ಮುನಿಸಿಕೊಳ್ಳುತ್ತದೆ.

ಕಲ್ಪನೆ: ಎಲ್ಲ ಜಕಣಾಚಾರಿಯ ಕೈಚಳಕ, ಆ ಕಾಲದ ಶಿಲ್ಪಿಗಳು ಹೆಸರು ಬರೆದುಕೊಳ್ಳುತ್ತಿರಲಿಲ್ಲ.

ಜಕಣಾಚಾರಿಯ ಕಥೆ ಜನರ ಬಾಯಲ್ಲಿದೆ, ಶಾಸನದಲ್ಲಿಲ್ಲ. ಕಲ್ಲಿನ ಮೇಲಿರುವುದು ಬೇರೆ ಹೆಸರುಗಳು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಸಿಗುತ್ತಾನೆ. ಸಂಕೋಚದವರೇನಲ್ಲ.

ಜಕಣಾಚಾರಿಯ ಕಥೆಯಲ್ಲಿ ಮಗ ಅಪ್ಪನ ತಪ್ಪು ತೋರಿಸುತ್ತಾನೆ, ಮೂರ್ತಿಯ ಹೊಕ್ಕುಳಿನ ಕಲ್ಲೊಳಗೆ ಕಪ್ಪೆ ಸಿಗುತ್ತದೆ. ಕಪ್ಪೆಯನ್ನು ನಂಬುವುದು ಕಷ್ಟ. ಕಲ್ಲಿನಲ್ಲಿ ದೋಷ ಹುಡುಕುವುದನ್ನು ಮಾತ್ರ ನಂಬುತ್ತೇನೆ. ಇವತ್ತಿಗೂ ಕಲ್ಲು ಕೊಳ್ಳುವ ಮುಂಚೆ ಸುತ್ತಿಗೆಯಲ್ಲಿ ತಟ್ಟುತ್ತೇವೆ. ಗಂಟೆಯ ಹಾಗೆ ನಾದ ಕೊಟ್ಟರೆ ಸರಿ, ಒಡಕು ಮಡಕೆಯ ಸದ್ದು ಬಂದರೆ ಒಳಗೆ ಸೀಳಿದೆ. ಒಮ್ಮೆ ನಾಚಿಕೆಗೆ ತಟ್ಟದೆ ಕೊಂಡೆ. ಮೂರು ತಿಂಗಳ ಕೆಲಸ ಮಂಡಿಯ ಹತ್ತಿರ ಎರಡಾಯಿತು.

ಕಲ್ಪನೆ: ಕಂಚಿನ ಪ್ರತಿಮೆ ಒಳಗೂ ಕಂಚೇ.

ಪೂಜೆಯ ಸಣ್ಣ ಮೂರ್ತಿ ಗಟ್ಟಿ ಎರಕ ಇದ್ದೀತು. ದೊಡ್ಡವೆಲ್ಲ ಟೊಳ್ಳು, ಕೆಲವೇ ಮಿಲಿಮೀಟರ್ ದಪ್ಪದ ಚಿಪ್ಪು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2022ರಲ್ಲಿ ನಿಂತ 108 ಅಡಿಯ ಕೆಂಪೇಗೌಡರಲ್ಲಿ 98 ಟನ್ ಕಂಚಿದ್ದರೆ ಉಕ್ಕು 120 ಟನ್. ಭಾರ ಹೊರುವುದು ಒಳಗಿನ ಉಕ್ಕು. ಇನ್ನು ಪಂಚಲೋಹವೆಂದರೆ ಐದೂ ಸಮಪಾಲು ಅಂದುಕೊಳ್ಳಬೇಡಿ: ಬಹುಪಾಲು ತಾಮ್ರ, ಬೆಳ್ಳಿ ಬಂಗಾರ ಚಿಟಿಕೆಯಷ್ಟು. ಕಂಚು ಕೊಡುವ ಸಮಯವೂ ಅಷ್ಟೇ ಚಿಟಿಕೆ. ವಾರಗಟ್ಟಲೆ ಮೇಣ ತಿದ್ದಿರುತ್ತೀರಿ, ಎರಕ ಹೊಯ್ಯುವುದು ಮಾತ್ರ ಕೆಲವೇ ಕ್ಷಣ.

ಕಲ್ಪನೆ: ಸಿಮೆಂಟು ಬೇಗ ಒಣಗಲಿ ಎಂದು ಬಿಸಿಲಿಗಿಡಬೇಕು.

ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಕ್ಯೂರಿಂಗ್ ಗೊತ್ತಿರುವ ಗಾರೆ ಕೆಲಸದವರನ್ನು ಕೇಳಿ.

ಕಲ್ಪನೆ: ಗ್ರೈಂಡರ್ ಬಂದ ಮೇಲೆ ಶಿಲ್ಪಿಯ ಕಷ್ಟ ತೀರಿತು.

ತೋಳಿನ ಕಷ್ಟ ಕಡಿಮೆಯಾಯಿತು, ಶ್ವಾಸಕೋಶದ್ದು ಹೆಚ್ಚಿತು. ಉಳಿ ಚಕ್ಕೆ ಎಬ್ಬಿಸಿದರೆ ಗ್ರೈಂಡರ್ ಹೊಗೆಯಂಥ ಧೂಳು ಎಬ್ಬಿಸುತ್ತದೆ. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾ ಒಳಗೆ ಸೇರಿದರೆ ಸಿಲಿಕೋಸಿಸ್, ಅದಕ್ಕೆ ಗುಣವೆಂಬುದಿಲ್ಲ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಕೆಂದುಕೊಂಡೇ ನಾನು ಮೊದಲ ನಾಲ್ಕು ವರ್ಷ ಕಳೆದೆ. ಟವೆಲ್ ತಡೆಯುವುದು ಕಣ್ಣಿಗೆ ಕಾಣುವ ಧೂಳನ್ನು. ಕೆಡುಕು ಮಾಡುವುದು ಕಾಣದ್ದು.

ಕಲ್ಪನೆ: ಒಣಗಿದ ಮರ ಸತ್ತ ಮರ.

ಶಿವನೆ ಮರದಲ್ಲಿ ನಾನು ಮೊದಲು ಮಾಡಿದ ಮುಖ ಮನೆಯ ಪಡಸಾಲೆಯಲ್ಲಿದೆ. ಎರಡು ವರ್ಷ ಒಣಗಿಸಿದ ದಿಮ್ಮಿ. ಆದರೂ ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಮೊದಲ ಬೇಸಿಗೆಯಲ್ಲಿ ಹುಬ್ಬಿನಿಂದ ಕೆನ್ನೆಗೆ ಕೂದಲೆಳೆಯ ಬಿರುಕು ಬಿಟ್ಟಾಗ ಮೇಣ ತುಂಬಿ ಮುಚ್ಚಿದೆ. ಮಳೆಗಾಲಕ್ಕೆ ಮರವೇ ಮೇಣವನ್ನು ಹೊರಕ್ಕೆ ತಳ್ಳಿತು. ಆಮೇಲೆ ಮುಟ್ಟಲು ಹೋಗಿಲ್ಲ. ಈಗ ಆಷಾಢ, ಬಿರುಕು ಕಾಣುತ್ತಿಲ್ಲ.