ತಾಳವಾಡಿ ದಾರಿಯಲ್ಲಿ ಕ್ಷೇತ್ರಕಾರ್ಯ: ಬದಲಾವಣೆಯನ್ನು ಎಲ್ಲೆಲ್ಲಿ ಅಳೆಯಬೇಕು?

ಸಂರಕ್ಷಿತ ಕಾಡಿನ ನಿರ್ವಹಣೆ ಅಂದ ಕೂಡಲೇ ಭೂಗೋಳದ ವಿದ್ಯಾರ್ಥಿಗಳು ಕಾಡಿನೊಳಗಿನ ಗಿಡ, ಪ್ರಾಣಿ, ನೀರು ಅಳೆಯೋಕೆ ಹೊರಡುತ್ತೇವೆ. ಅದು ಬೇಕು, ಆದರೆ ಸಾಲದು. ಒಂದು ಜಾಗದಲ್ಲಿ ತಂದ ಕ್ರಮದ ಭಾರ ಎಷ್ಟೋ ಸಲ ಇನ್ನೊಂದು ಜಾಗದ ಜನರ ಮೇಲೆ ಬೀಳುತ್ತದೆ. ಹಾಗಾಗಿ ಎರಡೂ ಕಡೆ ಅಳೆಯಬೇಕು. ಸತ್ಯಮಂಗಲದ ಕಾಡನ್ನು ಉದಾಹರಣೆಯಾಗಿ ನೋಡೋಣ.

ತಮಿಳುನಾಡಿನ ಈರೋಡ್ ಜಿಲ್ಲೆಯ ಈ ಕಾಡು 2008ರಲ್ಲಿ ವನ್ಯಜೀವಿ ಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 1,400 ಚದರ ಕಿ.ಮೀ. ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೆಗಳ ನಡುವೆ ಆನೆಗಳು ಓಡಾಡಲು ಇದು ಕೊಂಡಿ. ಕನ್ನಡ ಮಾತಾಡುವ ತಾಳವಾಡಿಯ ಊರುಗಳು ಘಟ್ಟದ ಮೇಲೆ, ಕರ್ನಾಟಕದ ಅಂಚಿನಲ್ಲಿವೆ. ಅಲ್ಲಿಂದ ಸತ್ಯಮಂಗಲಕ್ಕೂ ಜಿಲ್ಲಾ ಕೇಂದ್ರಕ್ಕೂ ಹೋಗುವ ಮುಖ್ಯ ದಾರಿ ದಿಂಬಂ ಘಾಟಿ. ಅದರಲ್ಲಿ 27 ತಿರುವುಗಳು.

ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದ ಕಾರಣ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಈ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಬಂಡೀಪುರದಲ್ಲಿ 2009ರಿಂದಲೇ ಇಂಥ ನಿಯಮವಿದೆ. ಆದರೆ ತಾಳವಾಡಿಯ ರೈತನಿಗೆ ಟೊಮೆಟೊ, ಕೋಸು ಬೆಳಗಿನ ಮಾರುಕಟ್ಟೆ ಮುಟ್ಟಬೇಕು. ಜನ ಪ್ರತಿಭಟಿಸಿದರು, ಆಮೇಲೆ ಸ್ಥಳೀಯರಿಗೆ ವಿನಾಯಿತಿ ಸಿಕ್ಕಿತು.

ಇನ್ನೊಂದು, ಕಬ್ಬು. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಕಬ್ಬಿನ ಲಾರಿಗಾಗಿಯೇ ಆನೆಗಳು ಕಾಯುತ್ತವೆ. ಚಾಲಕರು ಎಸೆದ ಕಬ್ಬು, ಲೋಡಿನಿಂದ ಉದುರಿದ ಕಬ್ಬು ಅವಕ್ಕೆ ರೂಢಿಯಾಗಿದೆ. ಅಂದರೆ ಆನೆಯ ನಡವಳಿಕೆ ಬದಲಾದದ್ದು ಕಾಡಿನೊಳಗಿನ ಕಾರಣದಿಂದ ಮಾತ್ರವಲ್ಲ, ಹೊಲದಲ್ಲಿ ಏನು ಬೆಳೆಯುತ್ತೇವೆ, ಹೇಗೆ ಸಾಗಿಸುತ್ತೇವೆ ಅನ್ನುವುದರಿಂದ ಕೂಡ.

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ಮೊದಲು ಅನುಮತಿ ಪಡೆದು, ಚೆಕ್‌ಪೋಸ್ಟಿನಲ್ಲಿ ಗಂಟೆಗೊಮ್ಮೆ ವಾಹನಗಳನ್ನು ಬಗೆಬಗೆಯಾಗಿ ಎಣಿಸಬೇಕು. ಕಬ್ಬು ಕಟಾವಿನ ಕಾಲದಲ್ಲಿ ಒಮ್ಮೆ, ಅದು ಮುಗಿದ ಮೇಲೆ ಒಮ್ಮೆ. ಎರಡನೆಯದಾಗಿ, ಕಾಡಂಚಿನ ಹೊಲ ಮತ್ತು ದೂರದ ಹೊಲ ಎರಡರಲ್ಲೂ ಬೆಳೆ, ಬೇಲಿ, ರಾತ್ರಿ ಕಾವಲು, ನಷ್ಟ ಕೇಳಿ ಬರೆದುಕೊಳ್ಳಬೇಕು. ಮೂರನೆಯದು, ರೈತರ ಜೊತೆಗೆ ಚಾಲಕರು, ಕೂಲಿಯವರು, ಸೋಲಿಗರು, ಅರಣ್ಯ ಕಾವಲುಗಾರರು ಎಲ್ಲರನ್ನೂ ಮಾತಾಡಿಸಬೇಕು.

ಭಾಷೆಯ ವಿಷಯವೂ ಇದೆ. ಊರವರು ಹಾಸನೂರು ಅನ್ನುವುದು ತಮಿಳಿನಲ್ಲಿ ಆಸನೂರ್. ನಕ್ಷೆ, ಸಂದರ್ಶನ ಸೇರಿಸುವಾಗ ಎರಡೂ ಹೆಸರು ಬರೆಯದಿದ್ದರೆ ಒಂದೇ ಊರು ಎರಡಾಗಿಬಿಡುತ್ತೆ. ಕನ್ನಡ ಬಲ್ಲವರಿಗೆ ಇಲ್ಲಿ ಮಾತು ಬೇಗ ಸಿಗುತ್ತದೆ, ನಿಜ. ಆದರೆ ಕನ್ನಡದವರ ಮಾತಷ್ಟೇ ಕೇಳಿ ಬಂದರೆ ಚಿತ್ರ ಅರ್ಧ.

ರಸ್ತೆ ಮುಚ್ಚಬೇಕೋ ತೆರೆಯಬೇಕೋ ಅಂತ ನಾವು ತೀರ್ಪು ಕೊಡಬೇಕಿಲ್ಲ. ಯಾವ ನಿಯಮದಿಂದ ಕಾಡಿಗೆ ಎಷ್ಟು ಲಾಭ, ಅದರ ಬೆಲೆ ಯಾರು ಕಟ್ಟುತ್ತಿದ್ದಾರೆ ಅನ್ನುವುದನ್ನು ಅಳೆದು ಎದುರಿಗಿಟ್ಟರೆ ಮುಂದಿನ ನಿಯಮ ಮಾಡುವವರಿಗೆ ಅದು ಕೆಲಸಕ್ಕೆ ಬರುತ್ತದೆ.